ಹೊತ್ತು ಮುಳುಗುವ ಮುನ್ನ ಕೊಟ್ಟ ಗಂಟು

ಆ ಬೆಳಗ್ಗೆ ದಂಡಿಗನಹಳ್ಳಿಯ ಮೇಲೆ ಪುಷ್ಯಮಾಸದ ಮಂಜು ಒದ್ದೆ ಕಂಬಳಿಯ ಹಾಗೆ ಬಿದ್ದಿತ್ತು. ಹಾದಿ ಕಾಣುತ್ತಿರಲಿಲ್ಲ. ಎಡಕ್ಕೆ ಅವರೆ ಹೊಲವಿದೆ ಎಂಬುದನ್ನು ಸೊಗಡು ಹೇಳಿತು. ಬಲಕ್ಕೆ ಕಟ್ಟೆಯಿದೆ ಎಂಬುದನ್ನು ಕೊಕ್ಕರೆಯೊಂದು ರೆಕ್ಕೆ ಬಡಿದು ಹೇಳಿತು. ಆದಿರಾಜಯ್ಯನವರು ಊರುಗೋಲನ್ನು ಮುಂದೆ ಚಾಚಿ, ಮನಸ್ಸಿನಲ್ಲೇ ಪಂಚನಮಸ್ಕಾರ ಮಂತ್ರ ಹೇಳಿಕೊಳ್ಳುತ್ತ ಬಂದು ಅನಂತಮತಿಯ ಮನೆಯ ಜಗಲಿ ಮುಟ್ಟಿದರು.

ಬಾಗಿಲು ಆಗಲೇ ತೆರೆದಿತ್ತು. ನಾಲ್ಕು ವರ್ಷದಿಂದ ಆ ಬಾಗಿಲು ಬೆಳಕು ಹರಿಯುವ ಮುಂಚೆಯೇ ತೆರೆಯುತ್ತಿತ್ತು. ಬರುವವನು ಬಂದರೆ ತನ್ನ ಮನೆಯ ಬಾಗಿಲನ್ನೇ ತಟ್ಟಿಕೊಂಡು ನಿಲ್ಲಬಾರದು ಎಂದು.

"ಬನ್ನಿ ದೊಡ್ಡಪ್ಪ. ಈ ಮಂಜಿನಾಗೆ ಯಾಕೆ ಬರಕ್ಕೋದ್ರಿ? ಬಿಸಿಲು ಬಂದ್ಮೇಲೆ ಬರಬೌದಾಗಿತ್ತು."

"ಬಿಸಿಲು ಬರೋವರೆಗೆ ಹಾಸನದ ಬಸ್ಸು ನನಗೋಸ್ಕರ ನಿಲ್ಲುತ್ತಾ ತಾಯಿ?"

ಅನಂತಮತಿ ಅವರ ಮುಖವನ್ನೇ ನೋಡಿದಳು. ಸಿಕ್ಕರಾ ಎಂದು ಬಾಯಲ್ಲಿ ಕೇಳಲಿಲ್ಲ. ಕಣ್ಣಲ್ಲಿ ಕೇಳಿ, ಉತ್ತರವನ್ನೂ ಅಲ್ಲೇ ಓದಿಕೊಂಡು, ಒಳಗೆ ಹೋಗಿ ಕಾಲಿಗೆ ನೀರು ತಂದಳು.

ಹುಡುಕುತ್ತಿದ್ದುದು ಅವಳ ಗಂಡ ಜಿನರಾಜನನ್ನು. ಹೊಳೆನರಸೀಪುರದ ಗರಡಿಯಲ್ಲಿ ಬೆಳೆದ ಪೈಲ್ವಾನ. ಒಂದು ಚೈತ್ರದ ಉರಿಬಿಸಿಲಲ್ಲಿ, ಹೇಮಾವತಿ ದಂಡೆಯ ಅಖಾಡದಲ್ಲಿ, ಕೊಣನೂರಿನ ಪುಟ್ಟಸ್ವಾಮಿಯ ಎದುರು ನಿಂತು, ಪಟ್ಟು ಬೀಳುವ ಮೊದಲೇ ಮೀನಖಂಡ ಹಿಡಿದುಕೊಂಡು ಕುಸಿದಿದ್ದ. ಗೆದ್ದವನಿಗೆಂದು ಇಟ್ಟಿದ್ದ ಬೆಳ್ಳಿ ಕಡಗ ಪುಟ್ಟಸ್ವಾಮಿಯ ಪಾಲಾಯಿತು. ಮುಂದಿನ ಶುಕ್ರವಾರ ಹಾಸನದ ವಾರಪತ್ರಿಕೆ 'ಸೀಮೆಕಿರಣ', ಜಿನರಾಜ ಕುಸ್ತಿಯನ್ನು ಮಾರಿಕೊಂಡನೆಂದು ಬರೆಯಿತು. ಅಂದೇ ಅವನು ಮನೆ ಬಿಟ್ಟ. ಹೊಸ್ತಿಲಲ್ಲಿ ನಿಂತು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಆ ಪತ್ರಿಕೆ ನನ್ನ ಹೆಸರನ್ನ ವಾಪಸ್ಸು ಕೊಟ್ಟ ದಿವಸ ಬತ್ತೀನಿ."

ಆದಿರಾಜಯ್ಯನವರು ಸಬ್ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾಗಿ ಶ್ರವಣಬೆಳಗೊಳದಲ್ಲಿ ಜಪ ಮಾಡಿಕೊಂಡಿದ್ದವರು. ತಮ್ಮನ ಮಗಳ ಈ ಕಣ್ಣು ನೋಡಲಾರದೆ ಮತ್ತೆ ಕೋಲು ಹಿಡಿದು ಹೊರಟಿದ್ದರು. ಆದರೆ ಹೊಳೆನರಸೀಪುರದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೊಣನೂರಿನ ಗರಡಿಯಲ್ಲಿ ಪುಟ್ಟಸ್ವಾಮಿ ಎದುರಿಗೇ ಸಿಗಲಿಲ್ಲ. ಹೇಳುವುದಿದ್ದರೆ ದಂಡಿಗನಹಳ್ಳಿಗೆ ಬರಲಿ ಎಂದು ಮಾತು ಬಿಟ್ಟು ಬಂದಿದ್ದರು, ಅಷ್ಟೆ.

"ಅಕ್ಕ ಎಲ್ಲಿ?"

"ಅತ್ತೆ ಬಸದಿಗೆ ಓಗವ್ರೆ. ಮಂಜು ಕಣತ್ತೆ ಅಂದ್ರೆ, ಸ್ವಾಮಿಗೆ ಮಂಜಿಲ್ವೇನೆ ಅಂತ ನನ್ನೇ ಬೈದ್ರು." ಅವಳು ನಕ್ಕಳು. ಎಲೆ ಹಾಕಿ ಅಕ್ಕಿ ರೊಟ್ಟಿ, ಅವರೆಕಾಳು ಸಾರು ಬಡಿಸಿದಳು.

ಮೊದಲ ತುತ್ತಿಗೇ ಆದಿರಾಜಯ್ಯನವರ ನಾಲಿಗೆ ತಡೆಯಿತು. ಉಪ್ಪು. ಒಂದು ಹಿಡಿ ಹೆಚ್ಚೇ ಬಿದ್ದಿತ್ತು. ಅವರು ಎರಡನೆಯ ತುತ್ತು ತೆಗೆದುಕೊಂಡರು.

ಅವಳು ನೋಡುತ್ತಲೇ ಇದ್ದಳು. "ಉಪ್ಪು ಜಾಸ್ತಿ ಆಯ್ತಾ ದೊಡ್ಡಪ್ಪ?"

"ಏನೋ ಒಂಚೂರು."

"ನಂಗೆ ಅಂದಾಜೇ ತಪ್ಪೋಗದೆ. ಅತ್ತೆನೂ ದಿನಾ ಬೈತಾರೆ."

"ದಿನಾ ಉಣ್ಣೋಳಿಗೆ ಅಂದಾಜು ಹೆಂಗೆ ತಪ್ಪುತ್ತೆ ಮಗಳೇ?"

ಅವಳು ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು.

ಆದಿರಾಜಯ್ಯನವರ ಕಣ್ಣು ಒಲೆಯ ಕಡೆ ಹೋಯಿತು. ದೊಡ್ಡ ಪಾತ್ರೆಯ ಪಕ್ಕದಲ್ಲಿ ಒಂದು ಸಣ್ಣ ಕುಡಿಕೆ. ಒಬ್ಬರ ಪಾಲಿನ ಸಾರು ಮಾತ್ರ ಹಿಡಿಯುವಷ್ಟು. ಅದರ ಮೇಲೆ ಬೇರೆಯೇ ತಟ್ಟೆ ಮುಚ್ಚಿತ್ತು.

ಆ ಕುಡಿಕೆಯ ಅರ್ಥ ಹೊರಗಿನವರಿಗೆ ಆಗಲಾರದು. ಅವರಿಗೆ ಆಯಿತು. ಬೆಳಗೊಳದ ಸುತ್ತಿನ ಮನೆಗಳಲ್ಲಿ ಜನ, ಅಂದುಕೊಂಡದ್ದು ಈಡೇರುವವರೆಗೆ ಎಂದು, ಹೀಗೆ ಏನಾದರೊಂದನ್ನು ಬಿಡುತ್ತಾರೆ. ಒಬ್ಬರು ತುಪ್ಪ, ಒಬ್ಬರು ಹಾಲು, ಗಟ್ಟಿ ಮನಸ್ಸಿನವರು ಉಪ್ಪು. ಬಿಟ್ಟದ್ದನ್ನು ಬಾಯಿಬಿಟ್ಟು ಹೇಳುವ ವಾಡಿಕೆ ಇಲ್ಲ. ಹೇಳಿದರೆ ನೇಮ ಕೆಟ್ಟಂತೆ. ಕಂಡವರು ಕೇಳಲೂ ಬಾರದು.

ಅವರು ಎಲೆಯನ್ನೇ ನೋಡುತ್ತ ಮೆಲ್ಲಗೆ ಅಂದರು: "ಈ ನೇಮ ಮೊದಲು ಹಿಡಿದೋಳು ನೀನಲ್ಲ ಅನ್ಸುತ್ತೆ."

"ಮೊದಲು ಅವರು." ಮಾತು ಜಾರಿದ್ದೇ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಾನೇನೂ ಯೋಳನಿಲ್ಲ ದೊಡ್ಡಪ್ಪ."

"ನಾನೇನೂ ಕೇಳಲಿಲ್ಲ ತಾಯಿ."

ಅಷ್ಟರಲ್ಲಿ ಹೊರಗೆ ಕೋಲಿನ ಸದ್ದು. ಮಂಜಿನೊಳಗಿಂದ ಮೊದಲು ಬಿಳಿ ಸೀರೆ, ಆಮೇಲೆ ಒಂದು ಮುಖ ಮೂಡಿತು. ಜಿನರಾಜನ ತಾಯಿ ಮರುದೇವಿ. ಅನಂತಮತಿ ಎದ್ದು ನಿಂತಳು. ಅವಳ ನೋಟ ಅತ್ತೆಯ ಮುಖಕ್ಕೆ ಹೋಗಲಿಲ್ಲ, ನೇರ ಪಾದಗಳಿಗೆ ಹೋಯಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ದೇವರ ದೀಪವನ್ನು ನೋಡುವ ಹಾಗೆ ನೋಡಿದಳು.

"ಯಾರು, ಆದಿರಾಜನಾ? ನನ್ನ ಮಗ ಸಿಕ್ಕಿದ್ನೇನೋ?"

"ಇನ್ನೂ ಇಲ್ಲಕ್ಕ."

"ಬೇಗ ಹುಡುಕಪ್ಪ. ಅವನು ಓದಾಗ ನಾನು ಹಾಸಿಗೆ ಮೇಲೆ ಮರದ ಕೊರಡಿನಂಗೆ ಬಿದ್ದಿದ್ದೆ. ಎದ್ದು ಓಡಾಡಿದ್ದನ್ನ ನನ್ನ ಕೂಸು ನೋಡಲೇ ಇಲ್ಲ. ಈ ಕಾಲು ಇರೋವಾಗಲೇ ಬಂದ್ರೆ, ನಾನೇ ಬಾಗಿಲಿಗೆ ಓಗಿ ಕರಕೊಳ್ತೀನಿ."

ಆದಿರಾಜಯ್ಯನವರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ಮಗ ಉಪ್ಪು ಬಿಟ್ಟದ್ದು ಯಾರಿಗೋಸ್ಕರ, ಎಲ್ಲಿಯವರೆಗೆ ಎಂದು ಇನ್ನು ಯಾರೂ ಹೇಳಬೇಕಾಗಿರಲಿಲ್ಲ.

ಅನಂತಮತಿ ಅವರನ್ನು ಕಟ್ಟೆಯವರೆಗೆ ಕಳಿಸಲು ಬಂದಳು. "ಕುಸ್ತಿಗೆ ಒರಟಾಗ, ಗೆದ್ದು ಕಡಗ ತಂದು ನಿನ್ನ ಕೈಗೇ ಆಕ್ತೀನಿ ಅಂದಿದ್ರು ದೊಡ್ಡಪ್ಪ. ನಂಗೆ ಕಡಗ ಯಾಕೆ? ಆದ್ರೂ ದಿನಾ ಕೈ ನೋಡ್ಕೋತೀನಿ. ಏನಂತ ನೋಡ್ಕೋತೀನೋ."

*

ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಆದಿರಾಜಯ್ಯನವರು ಲೆಕ್ಕ ಕೂಡಿಸಿದರು. ಮಸ್ತಕಾಭಿಷೇಕದ ಬಂದೋಬಸ್ತಿನಲ್ಲಿ ಅವರ ಪೇದೆಗಳು ಬಿಸಿಲಲ್ಲಿ ನಿಂತು ನಿಂತು ಕಾಲು ಸೆಟೆದುಕೊಂಡು ಬಿದ್ದಿದ್ದರು. ಡಾಕ್ಟರು ಬಂದು ಕುಡಿಸಿದ್ದು ಔಷಧಿಯಲ್ಲ, ಉಪ್ಪು ಕದಡಿದ ನೀರು. ಬೆವರಿನಲ್ಲಿ ಉಪ್ಪು ಹೋಗುತ್ತೆ, ಒಳಗೆ ಉಪ್ಪಿಲ್ಲದಿದ್ದರೆ ಮಾಂಸಖಂಡ ಮುಷ್ಟಿ ಕಟ್ಟುತ್ತೆ ಎಂದಿದ್ದರು. ಚೈತ್ರದ ಬಿಸಿಲು, ತಿಂಗಳುಗಟ್ಟಲೆ ಉಪ್ಪು ಕಾಣದ ಮೈ, ದಿನವೂ ಗರಡಿಯ ಬೆವರು. ಜಿನರಾಜ ನಟಿಸಿರಲಿಲ್ಲ.

ಪಕ್ಕದಲ್ಲಿ ಅವರೆಕಾಯಿ ಕುಕ್ಕೆ ಇಟ್ಟುಕೊಂಡು ಕೂತಿದ್ದ ದೊಡ್ಡತಾಯಮ್ಮ ಹಾಸನದ ಪೇಟೆಗೆ ಹೊರಟಿದ್ದಳು. "ಜಿನರಾಜನ್ನ ಹುಡುಕ್ತಾ ಇದ್ದೀರಂತೆ? ಬುಡಿ ಸಾ. ಅವನು ಊರ ಮರ್ವಾದೆ ಮಾರ್ಕೊಂಡೋನು."

"ನೀನು ಕಂಡೆಯಾ ದೊಡ್ಡತಾಯಿ?"

"ನಾನ್ಯಾಕೆ ಕಾಣ್ಲಿ? ಪೇಪರ್ನಾಗೆ ಬಂದಿತ್ತಲ್ಲ."

"ಪೇಪರಲ್ಲಿ ಬಂದರೆ ಆಯ್ತಾ?"

"ಆಗ್ದೆ ಏನು? ಅಚ್ಚಾಕೋಕೆ ಮಿಷಿನ್ನು ಮಡಗವ್ರೆ. ಸುಳ್ಳು ಯೋಳೋಕೆ ಮಿಷಿನ್ ಬೇಕಾ? ನನ್ ಗಂಡ ಬರೀ ಬಾಯಲ್ಲೇ ಯೋಳ್ತಾನೆ!"

ಬಸ್ಸೆಲ್ಲ ನಕ್ಕಿತು. ಆದಿರಾಜಯ್ಯನವರೂ ನಕ್ಕರು. ನಗು ಮುಗಿದ ಮೇಲೆ ಆ ಮಾತು ಎದೆಯಲ್ಲಿ ಉಳಿಯಿತು. ಒಂದು ಸೀಮೆಯ ಜನ ಇಷ್ಟು ನಂಬುವ ಕಡೆ ಒಬ್ಬ ಮನುಷ್ಯನ ಹೆಸರು ಬಿದ್ದುಹೋಗಿತ್ತು. ತೆಗೆಯುವುದಾದರೆ ಅಲ್ಲಿಂದಲೇ ತೆಗೆಯಬೇಕು.

ಆದರೆ ಹೇಗೆ? ನಿಜ ಅಚ್ಚಾದರೆ ಬಸದಿಯ ಜಗಲಿಯಲ್ಲಿ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಮರುದೇವಿಯ ಕಿವಿಗೆ ಬೀಳುತ್ತದೆ. ತಾನು ಎದ್ದು ನಡೆಯಲೆಂದು ಮಗ ತನ್ನ ಬಾಳನ್ನೇ ನೆಲಕ್ಕೆ ಹಾಕಿದ ಎಂದು ಗೊತ್ತಾದ ಮೇಲೆ ಆ ಕಾಲು ಇನ್ನೊಂದು ಹೆಜ್ಜೆ ಇಟ್ಟೀತೆ?

*

'ಸೀಮೆಕಿರಣ'ದ ಕಚೇರಿಯೆಂದರೆ ಒಂದು ಅಚ್ಚುಕೂಟ, ಎರಡು ಕುರ್ಚಿ. ಅಚ್ಚಿನ ಮೊಳೆ ಜೋಡಿಸುವವನು ಒಂದು ಮೂಲೆಯಲ್ಲಿ ಟಕಟಕ ಮಾಡುತ್ತಿದ್ದ. ಇನ್ನೊಂದು ಮೂಲೆಯಲ್ಲಿ, ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬರೆಯುತ್ತಿದ್ದವರು ಅರ್ಕೇಶ್ವರಯ್ಯ. ಅರಕಲಗೂಡಿನವರು. 'ಅಖಾಡದ ಅಂಚಿನಿಂದ' ಎಂಬ ಅಂಕಣದಲ್ಲಿ ಸುತ್ತಿನ ಕುಸ್ತಿಗಳನ್ನೆಲ್ಲ ಬರೆಯುತ್ತಿದ್ದವರು ಅವರೇ. ಚಿಕ್ಕಂದಿನಲ್ಲಿ ಪೈಲ್ವಾನನಾಗಬೇಕೆಂದು ಆಸೆಪಟ್ಟವರಂತೆ. ಗರಡಿಯ ಮಣ್ಣಿಗೆ ಉಬ್ಬಸ ಬರುತ್ತಿದ್ದುದರಿಂದ ಅಂಚಿನಲ್ಲೇ ನಿಂತವರು.

"ಪೊಲೀಸಿನವರಾ?"

"ಆಗಿದ್ದೆ. ಈಗ ಜಪ ಮಾಡ್ತೀನಿ."

"ಜಪ ಮಾಡೋರು ಅಚ್ಚುಕೂಟಕ್ಕೆ ಬರಲ್ಲ."

"ಜಪದಲ್ಲಿ ಮನಸ್ಸು ನಿಲ್ಲದೇ ಇದ್ರೆ ಬರ್ತಾರೆ." ಆದಿರಾಜಯ್ಯನವರು ನಾಲ್ಕು ವರ್ಷ ಹಳೆಯ ಪತ್ರಿಕೆಯ ತುಂಡನ್ನು ಮೇಜಿನ ಮೇಲೆ ಇಟ್ಟರು.

ಅರ್ಕೇಶ್ವರಯ್ಯ ಅದನ್ನು ನೋಡಿದರು. ಮುಟ್ಟಲಿಲ್ಲ. "ನಾನು ಬರೆದದ್ದರಲ್ಲೆಲ್ಲ ಹೆಚ್ಚು ಜನ ಓದಿದ್ದು ಇದೇ."

"ಬರಹ ಚೆನ್ನಾಗಿದೆ. ಅದರೊಳಗಿನ ಪತ್ತೆ ಹೇಗೆ?"

ಅಷ್ಟಕ್ಕೇ ಅರ್ಕೇಶ್ವರಯ್ಯ ಸಿಡಿದರು. "ಏನ್ ಸ್ವಾಮಿ, ಕುಸ್ತಿ ಬರೆಯೋನು ಪತ್ತೆ ಮಾಡೋ ಹಾಗಿಲ್ವಾ? ತಾಲ್ಲೂಕು ಕಚೇರಿ ಗುಮಾಸ್ತ ಕೈ ಬೆಚ್ಚಗೆ ಮಾಡ್ಕೊಂಡದ್ದನ್ನ ನಮ್ಮ ಮೊದಲನೇ ಪುಟದೋನು ಬರೆದ್ರೆ ಅದು ತನಿಖೆ. ಅವನಿಗೆ ಹಾರ. ಗರಡಿಯೊಳಗಿನ ಮೋಸ ನಾನು ಬರೆದ್ರೆ ಅದು ಹರಟೆ. ಕೊನೇ ಪುಟ, ದನದ ಔಷಧಿ ಜಾಹೀರಾತಿನ ಪಕ್ಕ! ಮೋಸ ಎಲ್ಲಿ ಆದ್ರೂ ಮೋಸ ಅಲ್ವಾ? ಆ ಕುಸ್ತಿ ಮೇಲೆ ಜೂಜು ಕಟ್ಟಿದೋರು ಯಾರು ಅಂತ ಕೊಣನೂರು ಸಂತೇಲಿ ನಿಂತು ಕೇಳಿದೋನು ನಾನು. ಅಂಗಿ ಹರಿದ್ರು. ಹರಿದ ಅಂಗೀಲೇ ಬಂದು ಬರೆದೆ. ಮಾರನೇ ವರ್ಷ ಜೂಜು ನಿಂತು ಹೋಯ್ತು. ಯಾರಿಂದ?"

"ನಿಮ್ಮಿಂದ. ನಮ್ಮ ಇಲಾಖೆಯಿಂದ ಆಗದ್ದು ನಿಮ್ಮಿಂದ ಆಯ್ತು. ಅದಕ್ಕೆ ಕೈ ಮುಗಿದುಕೊಂಡೇ ಬಂದಿದ್ದೀನಿ."

ಅರ್ಕೇಶ್ವರಯ್ಯನವರ ಕೋಪಕ್ಕೆ ಕೂರಲು ಜಾಗ ಸಿಗಲಿಲ್ಲ. "ಮತ್ತೆ ಏನು?"

"ಜೂಜು ನಿಜ. ಅದಕ್ಕೆ ನೀವು ಕಟ್ಟಿಹಾಕಿದ ಮನುಷ್ಯ ಸುಳ್ಳು."

"ಕೇಳಿದೆ ಸ್ವಾಮಿ! ಅವನನ್ನೇ ಕೇಳಿದೆ. ಕುಸ್ತಿ ಮುಗಿದ ಮಾರನೇ ದಿನ, ಗರಡಿ ಬಾಗಿಲಲ್ಲಿ. ಜಿನರಾಜಪ್ಪ, ಮೊನ್ನೆ ನಿನ್ನ ಕೈಗೆ ಬಂದ ಗಂಟಿನಲ್ಲಿ ಏನಿತ್ತು? ಕಾಲು ಯಾಕೆ ಹಿಡ್ಕೊಂಡು ಬಿದ್ದೆ? ಒಂದು ಮಾತು ಹೇಳು, ಹಾಗೇ ಬರೀತೀನಿ ಅಂದೆ. ತಲೆ ತಗ್ಗಿಸಿ ನಿಂತ. ಇಲ್ಲ ಅನ್ನಲಿಲ್ಲ. ಸುಮ್ಮನಿದ್ದೋನನ್ನ ನೀವಾದ್ರೆ ಏನಂತ ತಿಳೀತಿದ್ರಿ?"

"ಏನಂತಲೂ ತಿಳೀತಿರಲಿಲ್ಲ. ಕಾಯ್ತಿದ್ದೆ."

"ನಿಮಗೆ ಪಿಂಚಣಿ ಬರುತ್ತೆ, ಕಾಯ್ತೀರಿ. ನನಗೆ ಶುಕ್ರವಾರ ಬರುತ್ತೆ!"

ಮೊಳೆ ಜೋಡಿಸುವವನು ಮೂಲೆಯಲ್ಲಿ ಕಿಸಕ್ಕೆಂದ. ಅರ್ಕೇಶ್ವರಯ್ಯ ಅವನತ್ತ ದುರುಗುಟ್ಟಿದರು. ಟಕಟಕ ಮತ್ತೆ ಶುರುವಾಯಿತು.

ಆದಿರಾಜಯ್ಯನವರು ತುಂಡನ್ನು ಹತ್ತಿರಕ್ಕೆ ಎಳೆದುಕೊಂಡು ಬೆರಳಿಟ್ಟು ಓದಿದರು. "'ಕುಸ್ತಿಯ ಹಿಂದಿನ ದಿನ, ಕತ್ತಲು ಕವಿದ ಮೇಲೆ, ಬಸ್ ನಿಲ್ದಾಣದ ಬಳಿಯ ಹೋಟೆಲಿನ ಹಿಂಬಾಗಿಲಲ್ಲಿ, ಮುಖ ಕಾಣದ ಒಬ್ಬನಿಂದ ಜಿನರಾಜ ಗಂಟೊಂದನ್ನು ಪಡೆದುದನ್ನು ಕಂಡವರಿದ್ದಾರೆ.' ಹೋಟೆಲಿನವನು ಹೇಳಿದ್ದು ಇದೇ ಮಾತಾ?"

"ಮುಖ ಕಾಣಲಿಲ್ಲ ಅಂದ. ಅದು ಸತ್ಯ."

"ಕತ್ತಲಿಗಾ?"

ಅರ್ಕೇಶ್ವರಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ಬಿಸಿಲಿಗೆ."

"ಬಿಸಿಲಿಗೆ?"

"ಆ ಹಿಂಬಾಗಿಲು ಹೊಳೆ ಕಡೆಗಿದೆ. ಹೊತ್ತು ಇಳೀತಾ ಇತ್ತಂತೆ. ಬಿಸಿಲು ನೇರ ಕಣ್ಣಿಗೆ ಹೊಡೆದು ಮುಖ ಕಾಣಲಿಲ್ಲ ಅಂದ. ಬರೀವಾಗ ಯೋಚನೆ ಮಾಡಿದೆ, ಲಂಚ ಬಿಸಿಲಲ್ಲಿ ಕೊಟ್ರು ಅಂದ್ರೆ ಯಾರು ನಂಬ್ತಾರೆ? ಒಂದೆರಡು ಗಳಿಗೆ ಹಿಂದೆ ಮುಂದೆ. ಅದರಲ್ಲೇನು?"

ಆದಿರಾಜಯ್ಯನವರು ಕಣ್ಣು ಮುಚ್ಚಿದರು.

ಅದರಲ್ಲೇ ಎಲ್ಲ ಇತ್ತು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಎಲೆ ಹಾಕುವುದಿಲ್ಲ. ಬಿಸಿಲು ಇಳಿಯುವ ಹೊತ್ತಿನಲ್ಲಿ ಒಬ್ಬ ಅವಸರವಸರವಾಗಿ ಬಂದು ಜಿನರಾಜನ ಕೈಗೆ ಗಂಟು ಕೊಟ್ಟನೆಂದರೆ ಅದು ಹಣವಾಗಿರಲಿಲ್ಲ. ಊಟವಾಗಿತ್ತು. ಬಸ್ ನಿಲ್ದಾಣದ ಹೋಟೆಲಿನಲ್ಲಿ ಉಪ್ಪಿಲ್ಲದ ತಿಂಡಿ ಎಲ್ಲಿ ಸಿಗಬೇಕು? ಅವನ ನೇಮ ಗೊತ್ತಿದ್ದವನು ಯಾರೋ ಒಬ್ಬ, ಸೂರ್ಯ ಮುಳುಗಿದರೆ ಇವನು ಹಸಿದೇ ಮಲಗುತ್ತಾನೆಂದು ಓಡಿ ಬಂದಿದ್ದ.

ಬಿಸಿಲನ್ನು ಕತ್ತಲೆಂದು ಬರೆದ ಒಂದೇ ಮಾತಿಗೆ ರೊಟ್ಟಿ ಲಂಚವಾಗಿಹೋಗಿತ್ತು.

"ಇನ್ನೇನು ಬಿಟ್ರಿ ಅರ್ಕೇಶ್ವರಯ್ಯನವರೇ?"

"ಏನಿಲ್ಲ. ಒಂದು ಕಿವಿ." ಈಗ ಅವರ ದನಿ ತಗ್ಗಿತ್ತು. "ಬಿಸಿಲು ಹಿಂದಿನಿಂದ ಬಂದು ಅವನ ಕಿವಿ ಮಾತ್ರ ಕಾಣಿಸ್ತಂತೆ. ಅಗಿದು ಉಗಿದ ವೀಳ್ಯದೆಲೆ ಹಾಗೆ ಮುದುಡಿತ್ತಂತೆ. ಜೂಜಿನೋರಲ್ಲಿ ಅಂಥ ಕಿವಿ ಯಾರಿಗೂ ಇರಲಿಲ್ಲ. ಅದು ಮಣ್ಣಲ್ಲಿ ಉಜ್ಜಿ ಉಜ್ಜಿ ಕೆಟ್ಟ ಪೈಲ್ವಾನರ ಕಿವಿ. ಕತೆಗೆ ಹೊಂದಲಿಲ್ಲ, ಬಿಟ್ಟೆ."

"ನನಗೆ ಬೇಕಾಗಿದ್ದೂ ಅದೇ. ನೀವು ಕಾಲು ಸವೆಸಿದ್ರಿ, ಏಟು ತಿಂದ್ರಿ, ಕೇಳಬೇಕಾದೋರನ್ನೆಲ್ಲ ಕೇಳಿದ್ರಿ. ಅಲ್ಲೀವರೆಗೆ ಅದು ತನಿಖೆಯೇ. ಕೊನೇ ಪುಟವೋ ಮೊದಲನೇ ಪುಟವೋ, ನನಗೆ ಭೇದ ಇಲ್ಲ. ಹೊಂದದೇ ಇರೋದನ್ನ ಬಿಟ್ಟ ಕಡೆಯಿಂದ ಅದು ಬರೀ ಕತೆ ಆಯ್ತು."

ಅರ್ಕೇಶ್ವರಯ್ಯ ಎದ್ದು ನಿಂತರು. "ನಿಮಗೆ ಏನೋ ಗೊತ್ತಾಗಿದೆ. ಹೇಳಿ. ಗಂಟಿನಲ್ಲಿ ಏನಿತ್ತು? ಕಾಲು ಯಾಕೆ ಸೆಟೀತು? ಹೇಳಿ ಸ್ವಾಮಿ, ಈಗಲೇ ಬರೀತೀನಿ. ದೊಡ್ಡಕ್ಷರದಲ್ಲಿ ಬರೀತೀನಿ!"

ಆದಿರಾಜಯ್ಯನವರ ಬಾಯಿಯವರೆಗೆ ಮಾತು ಬಂತು. ಆಗ ಮಂಜಿನೊಳಗಿಂದ ಮೂಡಿದ ಎರಡು ಪಾದಗಳು ಕಣ್ಣ ಮುಂದೆ ನಿಂತವು. ಅವರು ತಲೆ ತಗ್ಗಿಸಿದರು.

ಮೊಳೆಯ ಟಕಟಕವೂ ನಿಂತಿತು.

ಅರ್ಕೇಶ್ವರಯ್ಯ ಅವರನ್ನೇ ದಿಟ್ಟಿಸಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖದ ಬಣ್ಣ ಇಳಿಯಿತು. "ಅವನೂ ಹೀಗೇ ನಿಂತಿದ್ದ," ಅಂದರು. "ಹೀಗೇ. ಇದೇ ತಲೆ ತಗ್ಗಿಸಿದ ಹಾಗೆ."

"ನಿಮಗೆ ಗೊತ್ತಾ ಸ್ವಾಮಿ," ಅರ್ಕೇಶ್ವರಯ್ಯ ಕಿಟಕಿಯಾಚೆ ನೋಡುತ್ತ ಹೇಳಿದರು, "ಅವನು ತೊಡೆ ತಟ್ಟಿದ ಸದ್ದಿಗೆ ಹೊಳೆ ಆಚೆಯ ಹಕ್ಕಿ ಏಳ್ತಿದ್ದವು. ನನಗೆ ಆಗದ್ದನ್ನೆಲ್ಲ ಅವನ ಮೈಯಲ್ಲಿ ನೋಡ್ತಿದ್ದೆ. ಅವನು ಬಿದ್ದಾಗ ನಾನೇ ಬಿದ್ದ ಹಾಗಾಯ್ತು. ಆ ಸಿಟ್ಟಲ್ಲಿ ಬರೆದೆ. ಈಗಲೂ ಯಾವ ಊರಲ್ಲಿ ಕುಸ್ತಿ ಆದ್ರೂ ಹೋಗ್ತೀನಿ. ಮಣ್ಣಲ್ಲಿ ಆಡೋರನ್ನ ನೋಡಲ್ಲ. ಸುತ್ತ ನಿಂತ ಜನರೊಳಗೆ ಒಂದು ಮುಖ ಹುಡುಕ್ತೀನಿ."

ಅವರು ಮೂಲೆಯ ಕಡೆ ತಿರುಗಿದರು. "ಲೋ, ಈ ಶುಕ್ರವಾರದ ನನ್ನ ಅಂಕಣದ ಮೊಳೆ ಬಿಚ್ಚು. ಜಾಗ ಖಾಲಿ ಇರಲಿ."

"ಖಾಲಿ ಬಿಟ್ರೆ ಯಜಮಾನ್ರು ನನ್ನ ಚರ್ಮ ಬಿಚ್ತಾರೆ ಸಾ. ದನದ ಔಷಧಿನೇ ಇನ್ನೊಂದು ಹಾಕ್ಲಾ?"

"ಖಾಲಿ ಇರಲಿ ಅಂದೆ." ಅರ್ಕೇಶ್ವರಯ್ಯ ಅಂಗಿ ಕೊಡವಿಕೊಂಡರು. "ನೀವು ಹೇಳಬೇಡಿ ಸ್ವಾಮಿ. ನಾನೇ ನಾಳೆ ಹೊಳೆನರಸೀಪುರಕ್ಕೆ ಹೋಗ್ತೀನಿ. ಆ ಹಿಂಬಾಗಿಲಲ್ಲಿ, ಹೊತ್ತು ಇಳಿಯೋ ಹೊತ್ತಲ್ಲಿ ನಿಂತು ನೋಡ್ತೀನಿ. ಕುಸ್ತಿ ಮಾರಿದೋನು ಅವನಲ್ಲ ಅಂತ ಬರೆಯೋಕೆ ಕಾರಣ ಎಷ್ಟು ಬೇಕೋ ಅಷ್ಟು ಹುಡುಕಿಕೊಳ್ತೀನಿ. ಅದಕ್ಕಿಂತ ಒಂದಕ್ಷರ ಹೆಚ್ಚು ಬೇಡ."

ಹೊರಗೆ ಬಂದ ಆದಿರಾಜಯ್ಯನವರಿಗೆ ಮುದುಡಿದ ಕಿವಿಯನ್ನು ಹುಡುಕಬೇಕಾಗಿರಲಿಲ್ಲ. ಕೊಣನೂರಿನ ಗರಡಿಯ ಗೋಡೆಯ ಮೇಲೆ ತೂಗುಹಾಕಿದ್ದ ಪಟದಲ್ಲಿ ಅದನ್ನು ಅವರು ಕಂಡಿದ್ದರು. ಎದೆ ಸೆಟೆಸಿ ನಿಂತ ಪುಟ್ಟಸ್ವಾಮಿಯ ಎಡಗಿವಿ.

ಎದುರಾಳಿಗೆ ಹಿಂದಿನ ದಿನ ಊಟ ತಂದವನು, ಮಾರನೆಯ ದಿನ ಅವನನ್ನು ಚಿತ್ತು ಮಾಡಿದವನು. ಒಬ್ಬನೇ.

*

ಅವರು ದಂಡಿಗನಹಳ್ಳಿಗೆ ಮರಳುವಾಗ ಬಿಸಿಲು ಅವರೆ ಹೂವಿನ ಮೇಲೆ ಕೊನೆಯ ಬಣ್ಣ ಹಚ್ಚುತ್ತಿತ್ತು. ಜಗಲಿಯ ಮೇಲೆ ಕಂಬಳಿ ಹೊದ್ದ ಒಂದು ಭಾರಿ ಆಳು ಕೂತಿತ್ತು. ಪಕ್ಕದಲ್ಲಿಟ್ಟ ಚೊಂಬಿನ ನೀರು ಹಾಗೇ ಇತ್ತು. ಅನಂತಮತಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

ಆಳು ಎದ್ದಿತು. ಎಡಗಿವಿ ಕಂಡಿತು.

"ಬರ್ಬೇಕು ಅಂದಿದ್ರಂತಲ್ಲ ಸಾ. ಬಂದಿವ್ನಿ."

"ಕೂತ್ಕೊ ಪುಟ್ಟಸ್ವಾಮಿ. ಮೆಲ್ಲಗೆ ಮಾತಾಡು, ಒಳಗೆ ಮರುದೇವಕ್ಕ ಇದ್ದಾಳೆ. ಆ ರೊಟ್ಟಿ ಮಾಡಿದೋರು ಯಾರು?"

ಪುಟ್ಟಸ್ವಾಮಿ ಬೆಚ್ಚಲಿಲ್ಲ. ನಾಲ್ಕು ವರ್ಷ ಯಾರಾದರೂ ಕೇಳಲೆಂದು ಕಾದವನ ಹಾಗೆ ಉಸಿರು ಬಿಟ್ಟ. "ನನ್ ಎಂಡ್ರು ಮಲ್ಲಿಗಮ್ಮ. ಒಸಾ ಎಂಚಲ್ಲಿ ಬೇಯಿಸಿದ್ಲು, ಉಪ್ಪಾಕ್ದೆ. ಇಬ್ರೂ ಒಳೆನರಸೀಪುರದ ಒಂದೇ ಗರಡಿ ಮಣ್ಣಲ್ಲಿ ಒಳ್ಳಾಡಿ ಬೆಳೆದೋರು ಸಾ. ಅವ್ವ ಎದ್ದು ಬಸ್ತಿಗೆ ನಡೆಯೋಗಂಟ ಉಪ್ಪು ಮುಟ್ಟಕಿಲ್ಲ, ಯಾರ್ಗೂ ಯೋಳ್ಬ್ಯಾಡ ಅಂತ ಆಂಜನೇಯನ ಮುಂದೆ ಆಣೆ ಇಕ್ಕಿಸ್ಕೊಂಡಿದ್ದ. ಕುಸ್ತಿ ಬ್ಯಾಡ ಕಣಣ್ಣ ಅಂದೆ. ಒಪ್ಕೊಂಡ್ಬುಟ್ಟಿವ್ನಿ, ಬುಟ್ಟಾಡಿದ್ರೆ ನನ್ ಮಕ ನೋಡ್ಬ್ಯಾಡ ಅಂದ."

"ಕಾಲು ಹಿಡಿದಾಗ ಬಿಡಬಹುದಾಗಿತ್ತು."

"ಬುಡಾನ ಅಂತ್ಲೇ ಇದ್ದೆ. ಜನ ಕೂಗ್ಬುಟ್ರು ಸಾ. ಈ ಕೈ ನನ್ ಮಾತು ಕೇಳ್ನಿಲ್ಲ." ಅವನು ತನ್ನ ದಪ್ಪ ಕೈಗಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ಪೇಪರ್ನಾಗೆ ಬಂದಾಗ ಓಗಿ ಯೋಳ್ಬುಡ್ತೀನಿ ಅಂದೆ. ಆಣೆ ಅದೆ ಅಂದ. ಕಡಗ ನನ್ ತಾವ ನಿಲ್ನಿಲ್ಲ. ಗೆದ್ದ ಸಂಜೇನೇ ಅವನ ಕೈಗಾಕ್ಬುಟ್ಟೆ."

"ಅವನ ಕೈಗೆ?"

"ಊ ಸಾ." ಆಮೇಲೆ ಅವನು ಬಾಗಿಲ ಕಡೆ ತಿರುಗಿದ. ಆ ಬೆಟ್ಟದಂಥ ಆಳಿನ ದನಿ ಎಳೆಯಾಯಿತು. "ಅಕ್ಕ, ಒಂದು ಕೇಳ್ಬೇಕಾಗದೆ. ಅವ್ವ ಎಂಗವ್ರೆ? ಇನ್ನೂ ಮಲಗವ್ರಾ?"

ಅನಂತಮತಿ ಉತ್ತರ ಕೊಡುವ ಮೊದಲೇ ಒಳಗಿನಿಂದ ಕೋಲಿನ ಸದ್ದು ಬಂತು. ಮರುದೇವಿ ಹೊಸ್ತಿಲು ದಾಟಿ, ಯಾರ ಕೈಯನ್ನೂ ಹಿಡಿಯದೆ ಜಗಲಿಗೆ ಬಂದು, ಇಳಿಯುವ ಹೊತ್ತಿಗೆ ಕೈ ಮುಗಿದು, ಹಾಗೇ ತಿರುಗಿ ಒಳಗೆ ಹೋದಳು.

ಪುಟ್ಟಸ್ವಾಮಿ ಬಾಯಿ ತೆರೆದುಕೊಂಡು ನೋಡಿದ. "ಯಾವಾಗಿಂದ ಅಕ್ಕ?"

"ಆ ವರ್ಷ ದೀಪಾವಳಿಯಿಂದ. ದಿನಾ ಬಸದಿಗೆ ಓಯ್ತಾರೆ."

"ಅಯ್ಯೋ ಶಿವನೇ. ಅವನಿಗೆ ಗೊತ್ತೇ ಇಲ್ವಲ್ಲ." ಅವನು ಹಣೆ ಹಿಡಿದುಕೊಂಡ. "ಅವನಿನ್ನೂ ಉಪ್ಪು ಮುಟ್ಟಿಲ್ಲ ಕಣಕ್ಕ."

ಅನಂತಮತಿಯ ಕೈ ಬಾಗಿಲ ಚೌಕಟ್ಟನ್ನು ಹುಡುಕಿ ಹಿಡಿಯಿತು. ಇದ್ದಾನೆ. ನಾಲ್ಕು ವರ್ಷದ ಮೇಲೆ ಮೊದಲ ಸಲ ಒಬ್ಬರು ಅವನ ವಿಷಯವನ್ನು ಇರುವವನ ಹಾಗೆ ಹೇಳಿದ್ದರು.

"ಎಲ್ಲಿದ್ದಾನೆ?" ಆದಿರಾಜಯ್ಯನವರು ಕೇಳಿದರು.

"ಅದ ಕೇಳ್ಬ್ಯಾಡಿ ಸಾ. ಅದಕ್ಕೂ ಆಣೆ ಅದೆ. ಮೊನ್ನೆ ತಾನಾಗೇ ಬಂದ. ಅವ್ವ ಎದ್ದು ನಡೀತಿದ್ರೆ ಇದ್ನ ನನ್ನೋಳ ಕೈಗೆ ಕೊಡು, ಇಲ್ದಿದ್ರೆ ವಾಪಸ್ ತತ್ತಾ ಅಂದ. ಅವಳಿಗೆ ಕೊಡ್ಬೇಕಾಗಿದ್ದು ಇದೊಂದೇ ಬಾಕಿ, ಇದೂ ತೀರಿದ್ರೆ ಯಾರ ಋಣಾನೂ ಉಳಿಯಕಿಲ್ಲ ಅಂದ. ನಗ್ತಾ ಅಂದ ಸಾ. ಯಾರೋ ಬರಿಗಾಲಲ್ಲಿ ನಡೆಯೋ ಸ್ವಾಮಿಗಳು ಬಂದವ್ರಂತೆ, ನಾಳೆ ಹೊತ್ತುಟ್ಟುತ್ಲೂ ಅವರ ಜತೆ ಒಂಟೋಯ್ತಾನಂತೆ. ಮನಸ್ಸಿಗೆ ಸಮಾಧಾನ ಆಯ್ತದೇನೋ, ಓಗಿ ಬರ್ಲಿ ಬುಡಿ."

ಹೋಗಿ ಬರಲಿ. ಪುಟ್ಟಸ್ವಾಮಿಗೆ ಆ ಮಾತಿನ ಭಾರ ಗೊತ್ತಿರಲಿಲ್ಲ. ಆದಿರಾಜಯ್ಯನವರಿಗೆ ಗೊತ್ತಿತ್ತು. ಎಲ್ಲರ ಋಣ ತೀರಿಸಿ, ಮನೆಯವರ ಒಪ್ಪಿಗೆ ಪಡೆದು, ಬರಿಗಾಲ ಮುನಿಗಳ ಹಿಂದೆ ದೀಕ್ಷೆಗೆ ನಡೆದವರು ಮತ್ತೆ ಮನೆಯ ಬಾಗಿಲಿಗೆ ಗಂಡನಾಗಿ, ಮಗನಾಗಿ ಬರುವುದಿಲ್ಲ. ಅವರು ಅನಂತಮತಿಯ ಕಡೆ ನೋಡಿದರು. ಅವಳಿಗೂ ಗೊತ್ತಿತ್ತು. ಅವನು ಕಳಿಸಿದ್ದನ್ನು ಹಿಡಿದರೆ ಅದೇ ಅವಳ ಒಪ್ಪಿಗೆ.

ಖಾಲಿ ಬಿಟ್ಟ ಅಂಕಣ ತುಂಬಿ ಅಚ್ಚಾಗಲು ಶುಕ್ರವಾರ ಬರಬೇಕು. ನಾಳೆಯ ಸೂರ್ಯ ಅದಕ್ಕಿಂತ ಮೊದಲು ಬರುತ್ತಾನೆ.

ಪುಟ್ಟಸ್ವಾಮಿ ಕಂಬಳಿಯ ಒಳಗಿನಿಂದ, ನಡುವಿಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಬೆಳ್ಳಿಯ ಕಡಗವನ್ನು ತೆಗೆದ. ದಿನವೂ ತೊಟ್ಟು ಸವೆದದ್ದರಿಂದ ಅದು ಮಂದವಾಗಿ ಹೊಳೆಯುತ್ತಿತ್ತು. ಅವನು ಹೊಸ್ತಿಲ ಹತ್ತಿರ ಬಂದು, ತಲೆಯೆತ್ತದೆ, ಮಲಗಿದ ಮಗುವನ್ನು ತಾಯಿಗೆ ಒಪ್ಪಿಸುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಅವಳ ಅಂಗೈಯ ಮೇಲೆ ಮೆಲ್ಲಗೆ ಇಟ್ಟ.

ಅನಂತಮತಿಯ ಬೆರಳುಗಳು ಮುಚ್ಚಲಿಲ್ಲ.